ನಾಲ್ಕನೆಯ ತೀರ್ಪು

"ಇದನ್ನ ಬರೆದಿದ್ದು ಯಾರು?"

ಬಾಗಿಲಲ್ಲಿ ನಿಂತಿದ್ದವನ ಕೈಯಲ್ಲಿ ಅವಳ ಕಾಗದಗಳಿದ್ದವು. ಕೋಟಿಲ್ಲ, ಟೈ ಇಲ್ಲ. ಮಡಚಿದ ಅಂಗಿ ತೋಳು, ಕಿವಿಯ ಹಿಂದೊಂದು ಪೆನ್ಸಿಲ್.

"ನಾನೇ," ಎಂದಳು ಅವಳು.

"ಸುಳ್ಳು."

ಎಂಟು ವರ್ಷದ ವಕೀಲಿಕೆಯಲ್ಲಿ ಅವಳ ಮುಖಕ್ಕೇ ಹೀಗೆ ಅಂದವರಿರಲಿಲ್ಲ!

"ಏನ್ರೀ ಹಾಗಂದ್ರೆ?"

"ಮೂರು ವರ್ಷದ ಹಿಂದೆ ನೀವು ಬರೆದ ವಾದಗಳು ಕೆಳಗಡೆ ಫೈಲುಗಳಲ್ಲಿವೆ. ಓದಿದ್ದೀನಿ. ಅವುಗಳಲ್ಲಿ ಮನುಷ್ಯರಿದ್ರು. ಇದರಲ್ಲಿ ಬರೀ 'ಅರ್ಜಿದಾರಳು' ಇದ್ದಾಳೆ. ಇದು ಮಿಷಿನ್ ಬರೆದಿದ್ದು."

ಕಾಗದಗಳನ್ನು ಮೇಜಿನ ಮೇಲಿಟ್ಟು ಅವನು ಹೊರಟೇಹೋದ.

ಅವಳ ಕಿವಿ ಬಿಸಿಯಾಗಿತ್ತು. ಎಷ್ಟು ಸೊಕ್ಕು ಈ ಮನುಷ್ಯನಿಗೆ! ಆದರೆ ಸಿಟ್ಟಿನ ಅಡಿಯಲ್ಲಿ ಇನ್ನೇನೋ ಅಲುಗಾಡಿತು... *ನಾನು ಬರೆದಿದ್ದನ್ನ ಯಾರೋ ಓದಿದ್ದಾರೆ. ನೆನಪೂ ಇಟ್ಟುಕೊಂಡಿದ್ದಾರೆ.*

ಆ ಹಾಲಿನಲ್ಲಿ ಒಂದು ಕಾಲಕ್ಕೆ ಹನ್ನೊಂದು ಮೇಜುಗಳಿದ್ದವು. ಹನ್ನೊಂದು ಜನ ಕಿರಿಯ ವಕೀಲರು, ಕಿತ್ತಾಟ, ನಗು, ಒಬ್ಬರ ಡಬ್ಬಿಗೆ ಇನ್ನೊಬ್ಬರ ಕೈ. ಆಮೇಲೆ ಎಐ ಬಂತು. ಹನ್ನೊಂದು ಜನ ವಾರವಿಡೀ ಓದುತ್ತಿದ್ದ ದಾಖಲೆಗಳನ್ನು ಅದು ಕಾಫಿ ಆರುವುದರೊಳಗೆ ಓದಿ ಮುಗಿಸುತ್ತಿತ್ತು. ಒಬ್ಬೊಬ್ಬರೇ ಹೋದರು. ಕೋರ್ಟಿನಲ್ಲಿ ಎದ್ದು ನಿಲ್ಲುವುದಕ್ಕೆ ಮನುಷ್ಯರೊಬ್ಬರು ಬೇಕಲ್ಲ, ಅದಕ್ಕೆ ಅವಳು ಉಳಿದಳು. ಈಗ ನೆಲದ ಮೇಲೆ ಕುರ್ಚಿ ಕಾಲುಗಳ ಗೀರುಗಳು ಮಾತ್ರ ಇದ್ದವು.

ಮನೆಯಲ್ಲೂ ಅವಳೊಬ್ಬಳೇ. ಎಷ್ಟೋ ಸೋಮವಾರ ಕಚೇರಿಗೆ ಬಂದು ಬಾಯಿ ತೆರೆದರೆ ಗಂಟಲು ಕಟ್ಟಿರುತ್ತಿತ್ತು. ಶುಕ್ರವಾರದಿಂದ ಯಾರೊಡನೆಯೂ ಮಾತಾಡಿಲ್ಲವೆಂದು ಆಗ ಹೊಳೆಯುತ್ತಿತ್ತು.

"ಏನೇ, ಆ ಮಿಷಿನ್ ಜೊತೆಗೇ ಸಂಸಾರ ಮಾಡ್ತೀಯಾ?" ಎಂದು ಫೋನಿನಲ್ಲಿ ಅಕ್ಕ ಗೇಲಿ ಮಾಡುತ್ತಿದ್ದಳು.

"ಹೂಂ ಕಣೇ, ಎದುರು ಮಾತಾಡಲ್ಲ, ಗೊರಕೆ ಹೊಡೆಯಲ್ಲ," ಎಂದು ಇವಳೂ ನಗುತ್ತಿದ್ದಳು. ಫೋನಿಟ್ಟ ಮೇಲೆ ಆ ನಗು ಮುಖದ ಮೇಲೆ ನಿಲ್ಲುತ್ತಿರಲಿಲ್ಲ.

ಬಾಗಿಲಲ್ಲಿ ನಿಂತು ಸುಳ್ಳು ಎಂದವನು ಕಚೇರಿಗೆ ಹೊಸಬ. ಎಐ ಕೆಲವೊಮ್ಮೆ ಯಾವ ನ್ಯಾಯಾಲಯವೂ ಕೊಡದ ತೀರ್ಪುಗಳನ್ನು, ಸಂಖ್ಯೆ ಇಸವಿ ಸಮೇತ, ತಾನೇ ಹುಟ್ಟಿಸಿ ಬರೆದುಬಿಡುತ್ತಿತ್ತು. ಅಂಥವನ್ನು ಮೂಲದೊಡನೆ ತಾಳೆ ನೋಡಲು ಹಿರಿಯ ವಕೀಲರು ಇವನನ್ನು ಕರೆತಂದಿದ್ದರು. ಹಿಂದೆ ಕೋರ್ಟಿನ ಗ್ರಂಥಾಲಯ ನೋಡಿಕೊಳ್ಳುತ್ತಿದ್ದವನು. ತಾಳೆ ನೋಡುವ ಕೆಲಸ, ತಾಳೆ ಮರದಷ್ಟು ಎತ್ತರ. ಇನ್ನೇನು, ಕಚೇರಿಯವರೆಲ್ಲ ಅವನಿಗೆ 'ತಾಳೆರಾಯ' ಎಂದೇ ಹೆಸರಿಟ್ಟಿದ್ದರು.

ಮರುದಿನ ಅವಳೇ ಅವನು ಕೂರುತ್ತಿದ್ದ ನೆಲಮಾಳಿಗೆಗೆ ಇಳಿದಳು.

"ಆ ಅರ್ಜಿದಾರಳು ಯಾರು ಅಂತ ಕೇಳಿದ್ರಲ್ಲ..."

"ನಾನು ಕೇಳಲಿಲ್ಲ."

"ಕೇಳ್ಬೇಕಿತ್ತು! ಅವರು ಬಟ್ಟೆ ಹೊಲಿಯೋರು. ಗಂಡ ತೀರಿಕೊಂಡ್ರು. ಅಪಘಾತದಲ್ಲಿ ಇವರ ಕಾಲು ಮುರಿದು ಆಸ್ಪತ್ರೆಯಲ್ಲಿದ್ದಾಗ, ಏಳು ವರ್ಷದ ಮಗಳನ್ನ ಅತ್ತೆ ಮಾವ ಕರ್ಕೊಂಡು ಹೋದ್ರು. ಈಗ ವಾಪಸ್ ಕೊಡ್ತಿಲ್ಲ."

ಅವನು ಎದುರಿನ ಕುರ್ಚಿಯ ಮೇಲಿದ್ದ ಪುಸ್ತಕಗಳನ್ನು ತೆಗೆದಿಟ್ಟ.

"ಕೂತ್ಕೊಳ್ಳಿ. ಇದನ್ನ ಬರೀರಿ."

ಅಂದಿನಿಂದ ಮಧ್ಯಾಹ್ನದ ಚಹಾ ನೆಲಮಾಳಿಗೆಯಲ್ಲೇ ಆಯಿತು. ಒಂದು ಗುಂಡಿ ಒತ್ತಿದರೆ ತಲುಪುವ ಕಾಗದಗಳನ್ನು ಅವಳು ಎದೆಗವಚಿಕೊಂಡು ಮೂರು ಮಹಡಿ ಇಳಿಯುತ್ತಿದ್ದಳು. ಅವನ ಮಾತು ಕಡಿಮೆ, ಕೇಳುವುದು ಹೆಚ್ಚು. ಅವಳು ಹೇಳುವಾಗ ಪೆನ್ಸಿಲ್ ಕೆಳಗಿಡುತ್ತಿದ್ದ. ಗಡಿಯಾರದಲ್ಲಿ ಮೂರಾದರೆ ಅವಳಿಗೆ ಕಾಲು ನಿಲ್ಲುತ್ತಿರಲಿಲ್ಲ...

*ಇದೇನಾಗ್ತಿದೆ ನನಗೆ?*

ವಿಚಾರಣೆಯ ಹಿಂದಿನ ದಿನ ಅವನು ಅವಳ ವಾದವನ್ನು ಪೂರ್ತಿ ತಾಳೆ ನೋಡಿ, ಕೊನೆಯ ಹಾಳೆಯ ಮೇಲೆ ಸಹಿ ಹಾಕಿದ.

"ಗೆಲ್ತೀರಿ. ಹೋಗಿ," ಎಂದು ಮೊದಲ ಸಲ ನಕ್ಕ.

ಮರುದಿನ ಕೋರ್ಟಿನಲ್ಲಿ ನ್ಯಾಯಾಧೀಶರು ಕನ್ನಡಕ ತೆಗೆದರು.

"ಒಂಬತ್ತನೇ ಪುಟದ ನಾಲ್ಕನೇ ತೀರ್ಪು ಎಲ್ಲಿದೆ, ತೋರಿಸಿ."

ಅವಳು ಹುಡುಕಿದಳು. ಎದುರು ಕಡೆಯ ವಕೀಲರು ನಿಧಾನವಾಗಿ ಎದ್ದರು. "ಸಿಗೋದಿಲ್ಲ ಸ್ವಾಮಿ. ಅಂಥ ತೀರ್ಪೇ ಇಲ್ಲ."

ಕೋರ್ಟು ಗೊಳ್ಳೆಂದಿತು. ನ್ಯಾಯಾಧೀಶರು ನಗಲಿಲ್ಲ. ಹತ್ತು ದಿನದೊಳಗೆ ವಿವರಣೆ ಕೊಡಬೇಕೆಂದು ಹೇಳಿ ಪ್ರಕರಣ ಮುಂದೂಡಿದರು.

ಹೊರಗೆ ಹೊಲಿಗೆಯವಳು ಊರುಗೋಲು ಹಿಡಿದು ನಿಂತಿದ್ದಳು. ಕೈಯಲ್ಲಿ ಹೊಸದಾಗಿ ಹೊಲಿದ ಹಳದಿ ಫ್ರಾಕು.

"ಇವತ್ತು ಮಗು ಬರಲ್ವಾ, ಮೇಡಂ?"

ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ನೆಲಮಾಳಿಗೆಗೆ ಅವಳು ಇಳಿಯಲಿಲ್ಲ, ಎರಗಿದಳು!

"ನೋಡಿದ್ದೀನಿ ಅಂತ ಸಹಿ ಹಾಕಿದ್ರಲ್ಲ! ಏನು ನೋಡಿದ್ರಿ?"

ಅವನು ಒಂಬತ್ತನೆಯ ಪುಟವನ್ನು ಓದಿದ. ಮತ್ತೊಮ್ಮೆ ಓದಿದ. ಏನೋ ಹೇಳಲು ತೆರೆದ ಬಾಯಿ ಮುಚ್ಚಿಕೊಂಡಿತು.

"ಸಹಿ ನನ್ನದೇ," ಎಂದ.

"ಅಷ್ಟೇನಾ?"

"ಅಷ್ಟೇ."

"ಸುಳ್ಳು ಹೇಳ್ತಿದ್ದೀನಿ ಅಂತ ಮಿಷಿನ್‌ಗೆ ಗೊತ್ತಾಗಲ್ಲ. ನಿಮಗೂ ಗೊತ್ತಾಗಲ್ವಾ? ನಾನು... ನಾನು ನಿಮ್ಮನ್ನ ನಂಬಿದ್ದೆ!"

ಅವನು ತಲೆ ತಗ್ಗಿಸಿದ. ಮರುದಿನ ಆ ಮೇಜು ಖಾಲಿಯಾಗಿತ್ತು. "ತಪ್ಪು ತನ್ನದೇ ಅಂತ ಬರೆದುಕೊಟ್ಟು ಹೋದ," ಎಂದರು ಹಿರಿಯ ವಕೀಲರು. "ನೀನು ಬಚಾವಾದೆ, ಬಿಡಮ್ಮ."

ಬಚಾವಾದವಳಿಗೆ ಊಟ ಸೇರಲಿಲ್ಲ. ಮೂರು ಗಂಟೆಗೆ ಎದ್ದು ನಿಲ್ಲುವಳು, ಹೋಗಲು ಜಾಗವಿಲ್ಲದೆ ಮತ್ತೆ ಕೂರುವಳು. ಮೊದಲು ಒಂಟಿತನ ಅಭ್ಯಾಸವಾಗಿತ್ತು. ಈಗ ಅದು ನೋಯುತ್ತಿತ್ತು.

ಭಾನುವಾರ ಬೆಳಿಗ್ಗೆ ಖಾಲಿ ಹಾಲಿನಲ್ಲಿ ಕೂತು, ವಿವರಣೆ ಬರೆಯಲೆಂದು ಅವಳು ಎಐ ಜೊತೆಗಿನ ತನ್ನ ಹಳೆಯ ಮಾತುಕತೆ ತೆರೆದಳು. ಅವನು ಸಹಿ ಹಾಕಿದ್ದು ನಾಲ್ಕು ಗಂಟೆಗೆ. ಮಾತುಕತೆಯ ಕೊನೆಯಲ್ಲಿ, ಅದೇ ಸಂಜೆ ಐದೂ ನಲವತ್ತಕ್ಕೆ, ಒಂದು ಸಾಲು.

*ಒಂಬತ್ತನೇ ಪುಟ ಇನ್ನೂ ಗಟ್ಟಿ ಮಾಡು.*

ಬರೆದವಳು ಅವಳೇ!

ಒಮ್ಮೆಲೇ ನೆನಪು ಬಂತು. ಸೋತರೆ ಗತಿಯೇನು ಎಂಬ ಹೆದರಿಕೆ, ಮನೆಗೆ ಹೊರಡುವ ಅವಸರ. ಎಐ ಪುಟವನ್ನು ಹೊಸದಾಗಿ ಬರೆದುಕೊಟ್ಟಿತ್ತು. ಮೇಲಿಂದ ಮೇಲೆ ಕಣ್ಣಾಡಿಸಿ, ಹಳೆಯ ಪುಟ ತೆಗೆದು ಹೊಸದನ್ನು ಸೇರಿಸಿದ್ದಳು. ಅವನು ನೋಡಿದ ತೀರ್ಪುಗಳು ಮೂರು. ನಾಲ್ಕನೆಯದು ಅವನ ಸಹಿಯ ನಂತರ ಹುಟ್ಟಿದ್ದು.

ಪುಟ ನೋಡಿದ ಕೂಡಲೇ ಅವನಿಗೆ ಗೊತ್ತಾಗಿತ್ತು. ಆದರೂ "ಸಹಿ ನನ್ನದೇ" ಎಂದಿದ್ದ...

"ಅಯ್ಯೋ ದೇವರೇ," ಎಂದು ಅವಳು ಮುಖ ಮುಚ್ಚಿಕೊಂಡು ಅತ್ತಳು. ಕೇಳುವವರು ಯಾರೂ ಇರಲಿಲ್ಲ.

ಹತ್ತನೆಯ ದಿನ ಹಿರಿಯ ವಕೀಲರು ಕೋರ್ಟಿನ ಮೆಟ್ಟಿಲಲ್ಲೇ ತಡೆದರು. "ಅವನ ಪತ್ರ ಇದೆಯಲ್ಲಮ್ಮ, ಅದನ್ನೇ ಕೊಡು. ಹೋಗೋನು ಹೋದ."

"ಸುಳ್ಳು ತೀರ್ಪು ಕೊಟ್ಟಿದ್ದಾಯ್ತು ಸರ್. ಈಗ ಸುಳ್ಳು ವಿವರಣೆನೂ ಕೊಡ್ಲಾ?"

ಅವಳು ನ್ಯಾಯಾಧೀಶರ ಮುಂದೆ ನಿಂತಳು.

"ತಪ್ಪು ನನ್ನದು. ತಾಳೆ ನೋಡಿದವರದ್ದಲ್ಲ. ಅವರ ಸಹಿ ಆದ್ಮೇಲೆ ನಾನು ಪುಟ ಬದಲಾಯಿಸಿದೆ, ಸರಿಯಾಗಿ ಓದಲಿಲ್ಲ. ಶಿಕ್ಷೆ ನನಗೆ ಕೊಡಿ. ತಾಯಿಗೆ ಬೇಡ. ಇವತ್ತು ಕಾಗದ ಬಿಟ್ಟು ಅವರ ವಿಷಯ ಹೇಳೋಕೆ ಅನುಮತಿ ಕೊಡಿ."

ನ್ಯಾಯಾಧೀಶರು ಮುಂದಿದ್ದ ಕಾಗದಗಳನ್ನು ಬದಿಗೆ ಸರಿಸಿದರು. ಆಮೇಲೆ, "ಹೇಳಿ," ಎಂದರು.

ಅವಳು ಹೇಳಿದಳು. ನೆಲಮಾಳಿಗೆಯಲ್ಲಿ ಅವನಿಗೆ ಹೇಳಿದ್ದ ಹಾಗೆಯೇ.

ಅವಳ ಮೇಲೆ ದಾಖಲೆಯಲ್ಲಿ ಛೀಮಾರಿ ಬಿತ್ತು. ಆರು ತಿಂಗಳು ಆ ಕೋರ್ಟಿನಲ್ಲಿ ವಾದಿಸುವಂತಿಲ್ಲ; ಅದರಿಂದ ಕಚೇರಿಯ ಕೆಲಸವೂ ಹೋಯಿತು. ಮಗು ಮಾತ್ರ ಅಂದೇ ತಾಯಿಯ ಕೈಸೇರಿತು. ಫ್ರಾಕು ಒಂದಿಷ್ಟು ಗಿಡ್ಡವಾಗಿತ್ತು. "ಎಷ್ಟು ಉದ್ದ ಆಗಿದೀಯೇ ನನ್ನವ್ವ," ಎಂದು ಆ ತಾಯಿ ನಗುತ್ತ ಅಳುತ್ತಿದ್ದಳು.

ಅವನು ಸಿಕ್ಕಿದ್ದು ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ, ಏಣಿಯ ಮೇಲೆ. ಬೆಳಗಿನ ಬಿಸಿಲು ಕಪಾಟುಗಳ ನಡುವೆ ಬಿದ್ದಿತ್ತು.

"ಇಳೀರಿ ಕೆಳಗೆ!"

ಅವಳ ದನಿಗೆ ಪತ್ರಿಕೆ ಓದುತ್ತಿದ್ದ ಅಜ್ಜಂದಿರಿಬ್ಬರು ತಲೆಯೆತ್ತಿದರು. ಅವನು ಗಾಬರಿಯಾಗಿ ಇಳಿದ.

"ಯಾಕೆ ಹೇಳಲಿಲ್ಲ ನೀವು?"

"ಹೇಳಿದ್ರೆ ನಿಮ್ಮ ಕೆಲಸ ಹೋಗ್ತಿತ್ತು. ನನ್ನದೇನು... ಪುಸ್ತಕ ಎಲ್ಲಿದ್ರೂ ಜೋಡಿಸಬಹುದು."

"ಕೆಲಸ ಹೋಯ್ತು. ನಾನೇ ಎಲ್ಲ ಹೇಳ್ಬಿಟ್ಟೆ."

ಅವನ ಕೈಯಲ್ಲಿದ್ದ ಪುಸ್ತಕ ಜಾರಿತು.

"ಅದು ಹೋಗಲಿ, ಪರವಾಗಿಲ್ಲ," ಎಂದಳು ಅವಳು. "ಆದ್ರೆ ಅಷ್ಟು ದಿನ ನಿಮ್ಮನ್ನ ಕೆಟ್ಟವರು ಅಂದ್ಕೊಂಡೇ ಬದುಕೋ ಹಾಗೆ ಮಾಡಿದ್ರಲ್ಲ! ನನ್ನನ್ನ ಕೇಳದೇನೇ! ಆ ಹಾಲಲ್ಲಿ ಒಬ್ಬಳೇ... ಮೂರು ಗಂಟೆ ಆದ್ರೆ ಎಲ್ಲಿಗೆ ಹೋಗ್ಲಿ ಅಂತ ಗೊತ್ತಾಗದೆ... ಇನ್ನೊಂದು ಸಲ ನನ್ನನ್ನ ಹಾಗೆ ಕಾಪಾಡ್ಬೇಡಿ. ಜೊತೆಗಿರಿ, ಅಷ್ಟು ಸಾಕು."

ಅವನು ಬಿದ್ದ ಪುಸ್ತಕವನ್ನು ಎತ್ತಿ ಕಪಾಟಿನಲ್ಲಿಟ್ಟ.

"ನಿಮ್ಮ ಹಳೇ ಫೈಲುಗಳನ್ನ ಓದ್ತಾ ಇದ್ದಾಗಲೇ ಅನ್ನಿಸ್ತಿತ್ತು," ಎಂದ ಮೆಲ್ಲಗೆ. "ಇವರ ಜೊತೆ ಮಾತಾಡ್ಬೇಕು ಅಂತ. ಮೇಲೆ ಬಂದೆ. ಏನು ಹೇಳ್ಬೇಕೋ ಗೊತ್ತಾಗದೆ ಜಗಳ ಆಡ್ಬಿಟ್ಟೆ. ನೀವು ಅಂದ್ರೆ ನನಗೆ ತುಂಬಾ ಇಷ್ಟ."

ಅವಳು ಅಳುತ್ತಲೇ ನಕ್ಕಳು.

"ಇಷ್ಟ ಅಂತೀರಾ, ಮತ್ತೆ ಇನ್ನೂ 'ನೀವು' ಅಂತಲೂ ಅಂತೀರಾ?"

"ನೀವೂ ಅಂತಿದ್ದೀರಲ್ಲ?"

"ಮೊದಲು ನೀವು ಬಿಡಿ."

ಅವನು ಕೈ ಚಾಚಿದ.

"ಸರಿ... ಬಾ."

"ಬಂದೆ ಕಣೋ," ಎಂದಳು ಅವಳು.