ಮಿಂಚು ಮರಳಿದ ಮೈದಾನ

“ನಾಟಕ ಸಾಕು, ಏಳಿ.”

ಫುಟ್‌ಬಾಲ್ ಪಂದ್ಯ ಗೆದ್ದ ಮೇಲೂ ಹುಲ್ಲಿನ ಮೇಲೆ ಬಿದ್ದುಕೊಂಡಿದ್ದವನಿಗೆ ತಂಡದ ಹೊಸ ಫಿಸಿಯೋ ಆಡಿದ ಮೊದಲ ಮಾತು ಅದು. ಅವನ ಓಟ ನೋಡಿ ಜನ ‘ಮಿಂಚು’ ಎಂದು ಕರೆಯುತ್ತಿದ್ದರು. ಮೊಣಕಾಲು ಮುಟ್ಟಿ ನೋಡಿದವಳ ಮುಖ ಬಾಡಿತು.

“ಅಯ್ಯೋ, ನಿಜವಾಗ್ಲೂ ಪೆಟ್ಟಾಗಿದೆ! ಸಾರಿ.”

“ಪರ್ವಾಗಿಲ್ಲ. ಬೈಯೋವಾಗ ಚೆನ್ನಾಗಿ ಕಾಣ್ತೀರ.”

ನಗು ತಡೆಯಲು ಅವಳು ತುಟಿ ಕಚ್ಚಿಕೊಂಡಳು. ಬ್ಯಾಂಡೇಜನ್ನು ಬೇಕೆಂದೇ ಬಿಗಿಯಾಗಿ ಎಳೆದಳು.

ಕ್ಲಬ್ಬಿನ ಪುಟ್ಟ ಕೋಣೆಯಲ್ಲಿ, ಐಸ್‌ಪ್ಯಾಕು, ಮುಲಾಮಿನ ವಾಸನೆಯ ನಡುವೆ ಪ್ರೀತಿ ಬೆಳೆಯಿತು. ಮೊಣಕಾಲು ಮಾತ್ರ ಮಾತು ಕೇಳಲಿಲ್ಲ. ಆಪರೇಷನ್ ಆದರೂ ಹಳೆಯ ಓಟ ಬರಲಿಲ್ಲ. ಆಟ ಮುಗಿಯಿತು. ದೂರದ ಕ್ಲಬ್ಬೊಂದು ಸ್ಕೌಟ್ ಕೆಲಸ ಕೊಟ್ಟಿತು: ಊರೂರು ಅಲೆದು ಹೊಸ ಆಟಗಾರರನ್ನು ಹುಡುಕುವುದು.

“ನೀನೂ ಬಾ,” ಎಂದ.

“ಅಪ್ಪ ಹಾಸಿಗೆ ಹಿಡಿದಿದ್ದಾರೆ, ಹೇಗೆ ಬರ್ಲಿ? ನೀನು ಹೋಗು. ಇಲ್ಲೇ ಕೂತ್ರೆ ಕೊರಗಿ ಕೊರಗಿ ಕಡ್ಡಿಯಾಗ್ತೀಯ.”

ಮೊದಮೊದಲು ದಿನವೂ ಫೋನ್. ಆಮೇಲೆ ಅಪರೂಪಕ್ಕೆ. ಕೊನೆಗೆ ಏನು ಹೇಳುವುದೆಂದು ಇಬ್ಬರಿಗೂ ತೋಚದೆ ಅದೂ ನಿಂತೇಹೋಯಿತು.

ವರ್ಷಗಳ ನಂತರ, ಗೋಲ್‌ಕೀಪರ್ ಹುಡುಗಿಯೊಬ್ಬಳನ್ನು ನೋಡುವ ನೆಪದಲ್ಲಿ ಅವನು ಅದೇ ಮೈದಾನಕ್ಕೆ ಬಂದ. ಔಷಧಿ ಚೀಲ ತೊಡೆಯ ಮೇಲಿಟ್ಟುಕೊಂಡು ಅವಳು ಬೆಂಚಿನಲ್ಲಿ ಕೂತಿದ್ದಳು. ಕಿವಿಯ ಬಳಿ ಒಂದೆಳೆ ಬಿಳಿಕೂದಲು.

“ಅಪ್ಪ ಹೇಗಿದ್ದಾರೆ?”

“ಹೋದ ವರ್ಷ ತೀರ್ಕೊಂಡ್ರು.” ಅವಳು ಚೀಲದ ಜಿಪ್ ಎಳೆದಳು, ಮತ್ತೆ ಮುಚ್ಚಿದಳು. “ಅವರನ್ನ ನೋಡ್ಕೊಳ್ಳೋಕೆ ಒಬ್ರು ನರ್ಸ್ ಬರ್ತಿದ್ರು. ಅವರನ್ನೇ ಮದುವೆಯಾದೆ.”

ಅವನು ಮೈದಾನದತ್ತ ತಿರುಗಿದ. ಚೆಂಡು ಎಲ್ಲಿದೆಯೆಂದೇ ಕಾಣಲಿಲ್ಲ.

“ಒಳ್ಳೆಯವರಾ?”

“ತುಂಬಾ.” ಅವಳು ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು. “ಕೆಟ್ಟವರಾಗಿದ್ರೆ ಈಗ್ಲೇ ನಿನ್ನ ಜೊತೆ ಬಂದ್ಬಿಡ್ತಿದ್ದೆ.”

“ಕರ್ಕೊಂಡು ಹೋಗೋಣ ಅಂತ್ಲೇ ಬಂದಿದ್ದೆ.”

“ಗೊತ್ತಾಯ್ತು. ಶರ್ಟಿಗೆ ಇಸ್ತ್ರಿ ಬೇರೆ ಮಾಡಿದೀಯ.”

ಇಬ್ಬರೂ ನಕ್ಕರು. ನಗು ಅರ್ಧಕ್ಕೇ ನಿಂತಿತು.

ಪಂದ್ಯ ಮುಗಿಯಿತು. ಗೋಲ್‌ಕೀಪರ್ ಹುಡುಗಿ ಪೆನಾಲ್ಟಿ ತಡೆದಳೆಂದು ಎಲ್ಲರೂ ಕೂಗುತ್ತಿದ್ದರು. ಸ್ಕೌಟ್ ಅದನ್ನು ನೋಡಿಯೇ ಇರಲಿಲ್ಲ.

ಅವಳ ಗಂಡ ಸ್ಕೂಟರಿನಲ್ಲಿ ಬಂದವನು ಅವನನ್ನು ಕಂಡು ಕಣ್ಣರಳಿಸಿದ.

“ಮಿಂಚು ಅಲ್ವಾ ಸರ್! ನಿಮ್ಮ ಆಟ ನೋಡೋಕೆ ಡ್ಯೂಟಿಗೆ ಚಕ್ಕರ್ ಹಾಕ್ತಿದ್ದೆ. ಮನೆಗೆ ಬನ್ನಿ, ಊಟ ಮಾಡ್ಕೊಂಡೇ ಹೋಗ್ಬೇಕು!”

ಗಂಡನ ಹೆಗಲ ಹಿಂದಿನಿಂದ ಅವಳ ಕಣ್ಣುಗಳು ಬೇಡಿಕೊಂಡವು: ಬೇಡ.

“ಪಕ್ಕದ ಊರಲ್ಲಿ ಇನ್ನೊಂದು ಮ್ಯಾಚ್ ಇದೆ, ತಡವಾಗುತ್ತೆ,” ಎಂದ.

ಸ್ಕೂಟರ್ ಗೇಟು ದಾಟಿತು. ಪಕ್ಕದ ಊರಿನಲ್ಲಿ ಯಾವ ಮ್ಯಾಚೂ ಇರಲಿಲ್ಲ. ಅವನು ಬೆಂಚಿಗೆ ಮರಳಿದ. ಅವಳು ಕೂತಿದ್ದ ಜಾಗವನ್ನು ಖಾಲಿ ಬಿಟ್ಟು, ಪಕ್ಕದಲ್ಲಿ ಕೂತ.