ಗುಂಡ ಏನು ತಿಂದ?

ಕೋಕಿಲಾ ನಮ್ಮ ಮನೆಗಾಡಿಯ ಬಾಗಿಲು ಬಡಿದ ರಭಸಕ್ಕೆ ಅದು ಕಿತ್ತು ಕೈಗೆ ಬರುತ್ತದೆ ಎಂದುಕೊಂಡೆ. ನಾನು ಹೊಟ್ಟೆ ಹಿಡಿದುಕೊಂಡು ಮಲಗಿದ್ದೆ. ಬೆಳಗಿನಿಂದ ಕ್ಯಾಂಪಿನ ಶೌಚಾಲಯಕ್ಕೂ ಗಾಡಿಗೂ ಓಡಾಡಿ ಸುಸ್ತಾಗಿತ್ತು. "ಯಾರು ಮಾರಾಯ್ರೆ, ಬಾಗಿಲು ಮುರೀತೀರಾ?" ಎಂದು ಗದರಲು ಎದ್ದವನು ಆ ಹುಡುಗಿಯ ಮುಖ ನೋಡಿ ಬಾಯಿ ಮುಚ್ಚಿಕೊಂಡೆ.

"ಗ್ರೇಸಿ ಆಂಟಿ ಎಲ್ಲಿ ಅಂಕಲ್? ಗುಂಡ ಸಾಯ್ತಿದಾನೆ. ನಮ್ಮತ್ತೆ ಅವನಿಗೆ ಇನ್ಸುಲಿನ್ ಚುಚ್ಚಿದಾರೆ!"

ಗ್ರೇಸಿ ನನ್ನ ಹೆಂಡತಿ. ಸ್ವೀಡನ್ನಿನ ಮೋಲ್ನ್‌ಡಾಲಿನಲ್ಲಿ ಔಷಧ ಸಂಶೋಧನೆ ಮಾಡಿ ನಿವೃತ್ತಳಾದವಳು. ನಾನು ಡೆನಿಸ್, ಬಸ್ಸು ಓಡಿಸಿ ನಿವೃತ್ತನಾದವನು. ಮನೆ ಮಾರಿ ಈ ಮನೆಗಾಡಿ ಕೊಂಡು, ನಮ್ಮ ನಾಯಿ ಪೆದ್ರುವನ್ನು ಹಾಕಿಕೊಂಡು ಸರೋವರದಿಂದ ಸರೋವರಕ್ಕೆ ಅಲೆಯುವುದೇ ನಮ್ಮ ಸಂಸಾರ. ಬೇಸಿಗೆಯಲ್ಲಿ ಮಾತ್ರ ನಾರ್‌ಶೋಪಿಂಗ್ ಹತ್ತಿರದ ಈ ಗ್ಲಾನ್ ಸರೋವರದ ದಡದ ಕ್ಯಾಂಪು ಬಿಟ್ಟು ಕದಲುವುದಿಲ್ಲ. ಇಲ್ಲಿ ಯಾರ ಉಂಗುರ ಕಳೆದರೂ, ಯಾರ ದೋಣಿಯ ಹಗ್ಗ ಬಿಚ್ಚಿಕೊಂಡರೂ ಜನ ಹುಡುಕಿಕೊಂಡು ಬರುವುದು ನನ್ನನ್ನಲ್ಲ, ಅವಳನ್ನು.

ಕೋಕಿಲಾ ಮತ್ತು ಅವಳ ಗಂಡ ಯೋಗೀಶ ಬೆಂಗಳೂರಿನವರು. ಎರಡು ವರ್ಷದ ಹಿಂದೆ ಅವರ ಮಗು ಹೊಟ್ಟೆಯಲ್ಲೇ ತೀರಿಕೊಂಡಿತ್ತು. ಇಲ್ಲಿ ತಾವಿದ್ದ ಫ್ಲ್ಯಾಟಿನಲ್ಲಿ ಇನ್ನೊಂದು ರಾತ್ರಿಯೂ ಇರಲಾರೆ ಎಂದು ಅವಳು ಹಟ ಹಿಡಿದ ಮೇಲೆ ಗಾಡಿ ಕೊಂಡರು, ಗುಂಡನನ್ನು ತಂದರು. ಅವನ ಬೆನ್ನಿನ ಮೇಲೆ ಕೈಯಿಟ್ಟರೆ ಮಾತ್ರ ಅವಳಿಗೆ ನಿದ್ದೆ. ಅವಳ ಜೀವ ಆ ಹೊಂಬಣ್ಣದ ನಾಯಿಯಲ್ಲಿತ್ತು ಎಂದರೆ ಸುಳ್ಳಲ್ಲ.

"ಕೂತ್ಕೋ. ಮೊದಲಿಂದ ಹೇಳು," ಎಂದಳು ಗ್ರೇಸಿ.

ತಿಂಡಿಯಾದ ಸ್ವಲ್ಪ ಹೊತ್ತಿಗೆ ಗುಂಡ ವಾಂತಿ ಮಾಡಿದ್ದ. ಆಮೇಲೆ ಕುಡಿದವನ ಹಾಗೆ ತೂರಾಡಿ ಬಿದ್ದಿದ್ದ. ಪಕ್ಕದ ಗಾಡಿಯ ಯೋರಾನ್ ಅವನನ್ನೂ ಕೋಕಿಲಾಳನ್ನೂ ತನ್ನ ಕಾರಿನಲ್ಲಿ ಹಾಕಿಕೊಂಡು ಪೇಟೆಯ ಪಶುವೈದ್ಯರ ಬಳಿಗೆ ಒಯ್ದಿದ್ದ. ರಕ್ತದಲ್ಲಿ ಸಕ್ಕರೆ ಪಾತಾಳಕ್ಕಿಳಿದಿತ್ತು.

"ಚೂಯಿಂಗ್ ಗಮ್ ತಿಂದ್ನಾ, ಬರ್ಚ್ ಮರದ ಸಕ್ಕರೆ ತಿಂದ್ನಾ, ಮನೇಲಿ ಯಾರಾದ್ರೂ ಇನ್ಸುಲಿನ್ ತಗೋತಾರಾ ಅಂತ ಡಾಕ್ಟ್ರು ಕೇಳಿದ್ರು. ಮೊದಲೆರಡು ನಮ್ಮನೇಲಿ ಇಲ್ವೇ ಇಲ್ಲ. ಮೂರನೇದು ಅತ್ತೇದು, ಫ್ರಿಜ್ಜಲ್ಲೇ ಇದೆ. ಅತ್ತೆಗೆ ಅವನನ್ನ ಕಂಡ್ರೆ ಆಗಲ್ಲ ಆಂಟಿ. ಬಂದಾಗಿಂದ 'ಮೈಲಿಗೆ, ದೂರ ಕಟ್ಟು' ಅಂತಾನೇ ಇದಾರೆ. ಇನ್ಸುಲಿನ್ನೇ ಅಂತ ಹೇಳ್ಬಿಟ್ಟೆ."

"ನೀನು ಕಣ್ಣಾರೆ ನೋಡಿದ್ಯಾ?"

"ನೋಡ್ಬೇಕಾ? ಎಷ್ಟು ಚುಚ್ಚಿದ್ರು ಅಂತ ಬಾಯಿ ಬಿಡ್ತಿಲ್ಲ. ನೀವಾದ್ರೂ ಬಿಡಿಸಿ."

ಗ್ರೇಸಿಯ ಹುಬ್ಬು ಗಂಟಾಯಿತು. "ಇನ್ಸುಲಿನ್ ಅಲ್ಲದಿದ್ರೆ ಏನಂದ್ರು ಡಾಕ್ಟ್ರು?"

"ಇನ್ಸುಲಿನ್ ಆದ್ರೆ ಗ್ಲೂಕೋಸ್ ಸಾಕಂತೆ. ಬೇರೆ ವಿಷ ಆದ್ರೆ ಲಿವರ್ ಹೋಗತ್ತಂತೆ, ಸಂಜೆಯೊಳಗೆ ಲಿನ್‌ಶೋಪಿಂಗಿನ ದೊಡ್ಡಾಸ್ಪತ್ರೆಗೆ ಸಾಗಿಸ್ಬೇಕಂತೆ. ಆದ್ರೆ ಬರೀ ಅನುಮಾನದ ಮೇಲೆ ಸಾಗ್ಸೋಕಾಗಲ್ಲ, ದಾರೀಲೇ ಪ್ರಾಣ ಹೋಗ್ಬಹುದು ಅಂದ್ರು."

"ಹಾಗಾದ್ರೆ ನಿನ್ನ ಊಹೆ ತಪ್ಪಾಗಿದ್ರೆ ಆ ತಪ್ಪೇ ಅವನನ್ನ ಕೊಲ್ಲುತ್ತೆ ಕೋಕಿಲಾ," ಎಂದು ಗ್ರೇಸಿ ಚಪ್ಪಲಿ ಮೆಟ್ಟಿದಳು. ನನ್ನ ಹೊಟ್ಟೆನೋವನ್ನು ಯಾರು ಕೇಳಬೇಕು! ಪೆದ್ರುವಿನ ಹಗ್ಗ ಹಿಡಿದು ನಾನೂ ಹಿಂದೆ ಹೊರಟೆ.

ದಾರಿಯಲ್ಲಿ ಪೆದ್ರು ನನ್ನನ್ನು ನೀರಿನಂಚಿನ ಒಂದು ಚಪ್ಪಟೆ ಕಲ್ಲಿನ ಕಡೆಗೆ ಎಳೆದ. ಯೋಗೀಶನ ಗಾಡಿಯ ಹಿಂದೆ, ಪೊದೆಯ ಮರೆಯಲ್ಲಿತ್ತು ಅದು. ಒಂದು ವಾರದಿಂದ ಈ ಕತ್ತೆಗೆ ಅದೇ ಚಾಳಿ. ಎಳೆದರೆ ಬರುವವನಲ್ಲ, ಕಲ್ಲನ್ನು ನೆಕ್ಕಿಯೇ ಸೈ. "ಯಾರೋ ಮೀನು ಹುರಿದು ತಿಂದಿರ್ಬೇಕು," ಎಂದೆ. ಗ್ರೇಸಿ ಬಗ್ಗಿ, ಕಲ್ಲಿನ ಮೇಲೆ ಬೆರಳು ಸವರಿ ಮೂಸಿದವಳೇ, "ಡೆನಿಸ್, ಪೆದ್ರುನ ಎತ್ಕೊ! ನೆಕ್ಕೋಕೆ ಬಿಡಬೇಡ!" ಎಂದು ಕೂಗಿದಳು. ಆ ದಪ್ಪ ಪ್ರಾಣಿಯನ್ನು ಎತ್ತಿಕೊಂಡೇ ಮುಂದೆ ನಡೆದೆ.

ಯೋಗೀಶನ ತಾಯಿ ಪದ್ಮಿನಿಯಮ್ಮ ಗಾಡಿಯ ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ಕಾಲ ಬಳಿ ಕಟ್ಟಿದ ಚೀಲ. ಹಿಂದಿನ ಸಂಜೆಯಷ್ಟೇ ಇದೇ ಹೆಂಗಸು ನಮಗೆ ಡಬ್ಬಿ ತುಂಬ ರವೆ ಉಂಡೆ ತಂದುಕೊಟ್ಟು, "ಇಲ್ಲಿನ ಗಾಳಿಯ ಗುಣ ನೋಡಿ ಅಣ್ಣಾ! ಸಿಹಿ ತಿಂದ್ರೂ ನನ್ನ ಶುಗರ್ ಏರೋದೇ ಇಲ್ಲ," ಎಂದು ನಕ್ಕಿದ್ದರು. ಉಂಡೆಯೂ ಚೆನ್ನಾಗಿತ್ತು. ಬಾಯಿಗಿಟ್ಟರೆ ನಾಲಿಗೆ ತಣ್ಣಗಾಗುತ್ತಿತ್ತು. ಪಚ್ಚಕರ್ಪೂರ ಹಾಕಿದ್ದಾರೆ ಎಂದು ಗ್ರೇಸಿಗೂ ಹೇಳಿದ್ದೆ. ಅವಳು ಮುಟ್ಟಲಿಲ್ಲ, ಡಬ್ಬಿಯನ್ನು ನಾನೊಬ್ಬನೇ ಖಾಲಿ ಮಾಡಿದ್ದೆ.

ಈಗ ಆ ಮುಖ ನೋಡಲಾಗುತ್ತಿರಲಿಲ್ಲ. "ಹೆತ್ತ ಮಗನ ಮನೇಲಿ ಕೊಲೆಗಾತಿ ಅನ್ನಿಸ್ಕೊಂಡೆ ಗ್ರೇಸಿಯಮ್ಮ. ಈ ನೀರಿಗೆ ಬೀಳೋಣ ಅನ್ನಿಸ್ತಿದೆ. ನಾನು ಅದನ್ನ ಮುಟ್ಟಿಲ್ಲ, ಅದಕ್ಕೇನೂ ಕೊಟ್ಟಿಲ್ಲ."

"ಉಂಡೆಗೆ ಪಚ್ಚಕರ್ಪೂರ ಹಾಕಿದ್ರಾ?"

ಪದ್ಮಿನಿಯಮ್ಮ ಕಣ್ಣೊರೆಸಿಕೊಳ್ಳುವುದನ್ನು ನಿಲ್ಲಿಸಿ ನೋಡಿದರು. "ಇಲ್ವಲ್ಲ. ಏಲಕ್ಕಿ ಮಾತ್ರ."

ಜೀವ ಹೋಗುವ ಹೊತ್ತಿನಲ್ಲಿ ಅಡುಗೆ ಮಾತು! ನನಗೆ ಸಿಟ್ಟು ಬಂತು. ಅಷ್ಟರಲ್ಲಿ ಯೋಗೀಶ ಒಳಗಿನಿಂದ ಬಂದ. "ಬಿಡಿ ಆಂಟಿ, ಹೇಗೂ ಗ್ಲೂಕೋಸ್ ಹೋಗ್ತಿದೆ, ಸರಿಹೋಗ್ತಾನೆ. ಅಮ್ಮ ಬರೋ ವಾರ ಊರಿಗೆ ಹೊರಡ್ತಾರೆ. ಸುಮ್ನೆ ಬೆಳೆಸೋದು ಬೇಡ." ಅವನ ಧ್ವನಿ ಬಾವಿಯೊಳಗಿಂದ ಬಂದಂತಿತ್ತು.

"ಒಂದು ಕಾಫಿ ಕೊಡ್ತೀಯಾ ಯೋಗೀಶ? ಸಕ್ಕರೆ ನಾನೇ ಹಾಕ್ಕೋತೀನಿ," ಎಂದಳು ಗ್ರೇಸಿ. ನನಗೆ ಆಶ್ಚರ್ಯ. ಮದುವೆಯಾದಾಗಿನಿಂದ ಅವಳು ಸಕ್ಕರೆ ಹಾಕಿ ಕಾಫಿ ಕುಡಿದದ್ದನ್ನು ನಾನು ಕಂಡಿಲ್ಲ. ಸಕ್ಕರೆ ಡಬ್ಬ ಬಂತು, ಬಾಯಿವರೆಗೂ ತುಂಬಿತ್ತು. ಅವಳು ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಂಡು ಡಬ್ಬ ಮುಚ್ಚಿದಳು. ಕಾಫಿ ಹಾಗೇ ಆರಿಹೋಯಿತು.

ಯೋರಾನ್ ಗುಂಡನ ಹೊದಿಕೆ ಒಗೆದು ತಂದ. ಗುಂಡ ಬೊಗಳುತ್ತಾನೆಂದು ಕ್ಯಾಂಪಿನವರಿಗೆ ದೂರು ಕೊಟ್ಟವನು ಇವನೇ. ನನ್ನ ಅನುಮಾನವೆಲ್ಲ ಇವನ ಮೇಲಿತ್ತು. ಹೊದಿಕೆ ಕೊಡುತ್ತಲೇ ಅವನು ಸ್ವೀಡಿಷಿನಲ್ಲಿ ಗೊಣಗಿದ. "ನಿಮ್ಮ ಯೋಗೀಶ ಬೆಳಿಗ್ಗೆ ಗಾಡಿಯ ಶೌಚದ ಪೆಟ್ಟಿಗೆ ಖಾಲಿ ಮಾಡಲು ನನ್ನ ಮುಂದೆ ನಿಂತಿದ್ದ. ಈಗ ಮಧ್ಯಾಹ್ನ ಮತ್ತೆ ಅದನ್ನೇ ಹೊತ್ತುಕೊಂಡು ಬಂದಿದ್ದ. ಯಾರಿಗಾದರೂ ಹುಷಾರಿಲ್ಲವೇ?" ಇವನಿಗೆ ಇದೇ ಕೆಲಸ ಎಂದುಕೊಂಡೆ. ಗ್ರೇಸಿ ಮಾತ್ರ ಅವನ ಕೈ ಹಿಡಿದು, "ಇಲ್ಲೇ ಕೂತುಕೊಳ್ಳಿ, ನಿಮ್ಮ ಕಾರು ಬೇಕಾಗುತ್ತದೆ," ಎಂದಳು.

ಎಲ್ಲರನ್ನೂ ಗಾಡಿಯ ನೆರಳುಬಟ್ಟೆಯ ಕೆಳಗೆ ಕೂರಿಸಿದಳು. ಸಭೆ ಮಾಡುವಷ್ಟು ವ್ಯವಧಾನ ಯಾರಿಗೂ ಇರಲಿಲ್ಲ. ಆದರೆ ಬಾಯಿ ಬಿಡಬೇಕಾದವರು ಇಬ್ಬರಿದ್ದರು, ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳದೆ ಯಾರೂ ಬಿಡುವಂತಿರಲಿಲ್ಲ.

"ಬೇಗ ಹೇಳ್ತೀನಿ, ಯಾರೂ ಅಡ್ಡ ಬರಬೇಡಿ," ಎಂದು ಶುರು ಮಾಡಿದಳು ಗ್ರೇಸಿ. "ಗುಂಡ ಮೊದಲು ವಾಂತಿ ಮಾಡ್ದ, ಆಮೇಲೆ ಬಿದ್ದ. ಸೂಜಿ ಚುಚ್ಚಿದ್ರೆ ಸಾಮಾನ್ಯವಾಗಿ ತೂರಾಟ ಮೊದಲು. ಹೊಟ್ಟೆಗೆ ಹೋದ ವಿಷಕ್ಕೇ ಹೊಟ್ಟೆ ಮೊದಲು ತಿರುಗೋದು. ಏನು ಹೋಯ್ತು ಹೊಟ್ಟೆಗೆ? ಇಲ್ಲೇ ನಮ್ಮ ಡೆನಿಸ್ ಉಪಯೋಗಕ್ಕೆ ಬಂದ."

"ನಾನೇ?" ಎಂದೆ.

"ನೀನೇ. ಉಂಡೆ ತಿಂದ್ರೆ ನಾಲಿಗೆ ತಣ್ಣಗಾಗ್ತದೆ ಅಂದೆ. ಪಚ್ಚಕರ್ಪೂರ ಹಾಕಿರ್ಲಿಲ್ಲ. ಇವತ್ತು ಬೆಳಗಿನಿಂದ ನಿನ್ನ ಹೊಟ್ಟೆ ನಿಂತಿಲ್ಲ. ಇನ್ನು ಪದ್ಮಿನಿಯಮ್ಮ, ಸಿಹಿ ತಿಂದ್ರೂ ಶುಗರ್ ಏರ್ತಿಲ್ಲ ಅಂತೀರಿ. ಅದು ಸರೋವರದ ಗಾಳಿ ಅಲ್ಲ. ನಾಲಿಗೆಗೆ ತಂಪು, ಹೆಚ್ಚಾದ್ರೆ ಭೇದಿ, ರಕ್ತದಲ್ಲಿ ಸಕ್ಕರೆ ಏರಿಸಲ್ಲ. ಹೀಗಿರೋದು ಬರ್ಚ್ ಸಕ್ಕರೆ, ಮರದಿಂದ ತೆಗೆಯೋ ಬದಲಿ ಸಕ್ಕರೆ. ಡಯಾಬಿಟಿಸ್ ಇರೋರಿಗೆ ಅಂತ ಇಲ್ಲಿ ಪ್ಯಾಕೆಟ್ಟಲ್ಲಿ ಮಾರ್ತಾರೆ. ಮನುಷ್ಯರಿಗೆ ತೊಂದರೆಯಿಲ್ಲ. ನಾಯಿಗೆ ವಿಷ."

"ನಮ್ಮನೇಲಿ ಅದು ಇಲ್ವೇ ಇಲ್ಲ ಆಂಟಿ!" ಎಂದಳು ಕೋಕಿಲಾ.

"ನಿನಗೆ ಹೇಗೆ ಗೊತ್ತಾಗ್ಬೇಕು? ನೀನು ಇಲ್ಲಿಯವರ ಹಾಗೆ ಕಪ್ಪು ಕಾಫಿ ಕುಡಿಯೋಳು, ಸಿಹಿ ಮುಟ್ಟೋಳಲ್ಲ. ಈಗ ಆ ಡಬ್ಬದಲ್ಲಿರೋದು ಸಾದಾ ಸಕ್ಕರೆ, ರುಚಿ ನೋಡಿದೆ. ಉಂಡೆ ಕಟ್ಟಿದ ಮನೆಯ ಡಬ್ಬ ಕಂಠಪೂರ್ತಿ ತುಂಬಿದೆ! ಅಂದ್ರೆ ಹಳೇದನ್ನ ಯಾರೋ ಚೆಲ್ಲಿ ಹೊಸದನ್ನ ತುಂಬಿದಾರೆ. ಎಲ್ಲಿ ಚೆಲ್ಲಿದ್ರು? ಬೆಳಿಗ್ಗೆ ಖಾಲಿ ಮಾಡಿದ ಶೌಚದ ಪೆಟ್ಟಿಗೆಯನ್ನ ಮಧ್ಯಾಹ್ನ ಯಾರೂ ಮತ್ತೆ ಹೊತ್ಕೊಂಡು ಹೋಗಲ್ಲ ಯೋಗೀಶ."

ಯೋಗೀಶ ಸಕ್ಕರೆ ಡಬ್ಬವನ್ನು ತನ್ನ ಕಡೆಗೆ ಎಳೆದುಕೊಂಡ.

"ಉಳಿದದ್ದು ಒಂದೇ," ಎಂದು ಗ್ರೇಸಿ ಪದ್ಮಿನಿಯಮ್ಮನ ಮುಂದೆ ಮಂಡಿಯೂರಿದಳು. ಅವಳ ದನಿ ತಗ್ಗಿತು. "ಪೊದೆ ಹಿಂದಿನ ಕಲ್ಲಿನ ಮೇಲೆ ತುಪ್ಪದ ಜಿಡ್ಡಿದೆ, ಏಲಕ್ಕಿ ವಾಸನೆಯಿದೆ, ಹುರಿದ ರವೆಯ ಕಾಳಿದೆ. ನಮ್ಮ ಪೆದ್ರು ಒಂದು ವಾರದಿಂದ ಅದನ್ನ ನೆಕ್ಕೋಕೆ ಎಳೀತಾನೆ. ದಿನಾ ಯಾರೋ ಅಲ್ಲಿ ಏನೋ ಇಡ್ತಾರೆ. ಕೋಕಿಲಾಗೆ ಗೊತ್ತಾಗದ ಹಾಗೆ."

ಪದ್ಮಿನಿಯಮ್ಮ ಪೊದೆಯ ಕಡೆ ನೋಡಿದರು.

"ನಮ್ಮಮ್ಮ ಕಲಿಸಿದ್ದು. ನಾಯಿಗೆ ಒಂದು ತುತ್ತು ಇಡದೆ ಉಣ್ಣಬಾರದು ಅಂತ. ಮನೆಯೊಳಗೆ ಬಿಟ್ಕೊಳ್ಳಲ್ಲ ನಾವು, ಆದ್ರೆ ಹಸಿದಿರೋಕೂ ಬಿಡಲ್ಲ. ಇವಳು 'ನಮ್ಮ ಊಟ ಅವನಿಗೆ ಹಾಕ್ಲೇಬೇಡಿ' ಅಂದಿದ್ಲು. ಅದಕ್ಕೇ ಕದ್ದು ಇಡ್ತಿದ್ದೆ. ನಾನು ತಟ್ಟೆ ಹಿಡಿಯೋ ಹೊತ್ತಿಗೆ ಅದು ಕಲ್ಲಿನ ಹತ್ರ ಹೋಗಿ ಕಾಯೋದು." ಆಮೇಲೆ ಅವರಿಗೆ ಅರ್ಥವಾಯಿತು. ತಮ್ಮ ಎರಡೂ ಅಂಗೈಗಳನ್ನು ನೋಡಿಕೊಂಡರು. "ಬೆಳಿಗ್ಗೆ ಎರಡು ಉಂಡೆ ಇಟ್ಟೆ. ಅಯ್ಯೋ ದೇವರೇ, ನನ್ನ ಕೈಯಾರೆ ಇಟ್ಟೆನಲ್ಲ!"

ಆ ಹೆಂಗಸನ್ನು ಆರೋಪದಿಂದ ಬಿಡಿಸಿದ್ದಕ್ಕೆ ತೆರಬೇಕಾದ ಬೆಲೆ ಇದು. ಗ್ರೇಸಿಗೆ ಅದು ಮೊದಲೇ ಗೊತ್ತಿತ್ತು, ಅವಳ ಕಣ್ಣು ತುಂಬಿತ್ತು. ನನಗೆ ತಡೆಯಲಾಗಲಿಲ್ಲ. "ಲೋ ಯೋಗೀಶ, ಬಾಯಿ ಬಿಡೋ!" ಎಂದು ಗುಡುಗಿದೆ.

"ಅಮ್ಮ ಸಿಹಿ ಬಿಡಲ್ಲ ಅಂತ ನಾನೇ ಬದಲಾಯಿಸಿದ್ದು," ಎಂದ ಯೋಗೀಶ. "ಹೇಳಿದ್ರೆ 'ಮದ್ದಿನ ಸಕ್ಕರೆ ಬೇಡ' ಅಂತ ಎಸೀತಿದ್ರು. ಗುಂಡಂಗೆ ಅಮ್ಮ ತಿನ್ಸೋದು ನಂಗೊತ್ತಿರ್ಲಿಲ್ಲ, ಆಣೆಗೂ. ಕೋಕಿಲಾ ಡಾಕ್ಟ್ರ ಹತ್ರದಿಂದ ಫೋನ್ ಮಾಡಿ ಬರ್ಚ್ ಸಕ್ಕರೆ ಅಂದ ತಕ್ಷಣ ಎದೆ ಒಡೀತು. ಆದ್ರೆ ಅವಳು ಆಗ್ಲೇ ಇನ್ಸುಲಿನ್ ಅಂತಿದ್ಲು. ಹೇಗೂ ಗ್ಲೂಕೋಸ್ ಕೊಡ್ತಾರಲ್ಲ ಅಂದ್ಕೊಂಡೆ. ಮಗು ಹೋದ್ಮೇಲೆ ಇವಳು ನನ್ನ ಮುಖ ನೋಡಿ ಮಾತಾಡಿದ್ದೇ ಗುಂಡ ಬಂದ್ಮೇಲೆ. ನನ್ನಿಂದ ಅವನು ಹೋದ ಅಂತ ಗೊತ್ತಾದ್ರೆ..."

"ಅದಕ್ಕೆ ತಾಯಿ ತಲೆಗೆ ಕಟ್ಟಿದೆ," ಎಂದಳು ಗ್ರೇಸಿ.

"ಅಮ್ಮ ಮುಂದಿನ ವಾರ ಹೋಗ್ತಾರಲ್ಲ ಅಂತ..."

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎನ್ನುತ್ತಾರೆ. ದೊಣ್ಣೆ ಹೆತ್ತವಳ ಮೇಲೆ ಬೀಳುತ್ತಿರುವಾಗ ಪಕ್ಕಕ್ಕೆ ಸರಿದು ನಿಂತವನನ್ನು ನಾನು ಅಂದೇ ಕಂಡದ್ದು. ಬಯ್ಯಲು ಬಾಯಿ ತೆರೆದೆ. ಪದ್ಮಿನಿಯಮ್ಮ ಕೈಯೆತ್ತಿ ನನ್ನನ್ನು ತಡೆದರು. ಆಗಲೂ ಅವನ ಪರವೇ.

ಕೋಕಿಲಾ ಗಂಡನಿಗೆ ಬೆನ್ನು ತಿರುಗಿಸಿ ಫೋನ್ ಹಚ್ಚಿ ಡಾಕ್ಟರಿಗೆ, "ಇನ್ಸುಲಿನ್ ಅಲ್ಲ, ಬರ್ಚ್ ಸಕ್ಕರೆ, ಎರಡು ಉಂಡೆ," ಎಂದಳು. ಯೋರಾನ್ ಆಗಲೇ ಕಾರು ಚಾಲೂ ಮಾಡಿದ್ದ. ಅವಳು ಹತ್ತುವ ಮೊದಲು ತಿರುಗಿ ಬಂದು ಅತ್ತೆಯ ತೋಳು ಹಿಡಿದು ಎಬ್ಬಿಸಿದಳು. "ನೀವೂ ಬನ್ನಿ," ಎಂದಳು. ಚೀಲ ಅಲ್ಲೇ ಉಳಿಯಿತು, ಅದರ ಪಕ್ಕ ಯೋಗೀಶ.

ಗುಂಡ ದಾರಿಯಲ್ಲಿ ಸಾಯಲಿಲ್ಲ. ಆದರೆ ಲಿನ್‌ಶೋಪಿಂಗಿನಲ್ಲಿ ಅವನ ಕಣ್ಣು ಹಳದಿಯಾಯಿತು, ಎರಡು ಸಲ ಆಸೆ ಬಿಟ್ಟರು. ಆ ದಿನಗಳಲ್ಲಿ ಅತ್ತೆ ಸೊಸೆ ಆಸ್ಪತ್ರೆಯ ಹೊರಗೆ ಯೋರಾನನ ಕಾರಿನಲ್ಲೇ ಮಲಗುತ್ತಿದ್ದರು. ಪದ್ಮಿನಿಯಮ್ಮ ಊರಿಗೆ ಹೊರಡುವ ದಿನವನ್ನು ಮುಂದೆ ಹಾಕಿದರು. ನಾನು ಗಂಜಿ ಒಯ್ದರೆ ಅವರು ಮುಟ್ಟುತ್ತಿರಲಿಲ್ಲ. ಲಿವರ್ ಮೊದಲಿನಂತಾಗುವುದಿಲ್ಲ, ಮದ್ದು ಕೊನೆತನಕ ಎಂದು ಹೇಳಿ ಕೊನೆಗೊಂದು ದಿನ ನಾಯಿಯನ್ನು ಕಳಿಸಿದರು. ಎಲುಬು ಕಾಣುತ್ತಿತ್ತು, ಮುಂಗಾಲಿನ ಕೂದಲು ಬೋಳಿಸಿದ್ದರು.

ಅಂದು ಮಧ್ಯಾಹ್ನ ಗ್ರೇಸಿ ಎಲ್ಲರಿಗೂ ನಮ್ಮಲ್ಲೇ ಅಡುಗೆ ಮಾಡಿದಳು. ಯೋಗೀಶ ನೀರಿನ ಕ್ಯಾನು ಹಿಡಿದು ನಲ್ಲಿಯ ಬಳಿ ನಿಂತಿದ್ದ. ಬಾ ಎಂದೂ ಹೋಗು ಎಂದೂ ಅವನಿಗೆ ಯಾರೂ ಹೇಳಲಿಲ್ಲ. ಪದ್ಮಿನಿಯಮ್ಮ ತಟ್ಟೆಯ ಮುಂದೆ ಕೈ ಕಟ್ಟಿ ಕೂತಿದ್ದರು. ಅಷ್ಟರಲ್ಲಿ ಗುಂಡ ಎದ್ದ. ಕಾಲೆಳೆಯುತ್ತ ಪೊದೆಯ ಹಿಂದಿನ ಚಪ್ಪಟೆ ಕಲ್ಲಿನ ಬಳಿ ಹೋಗಿ ಕೂತು ಅವರ ಕಡೆಗೇ ನೋಡತೊಡಗಿದ.

"ಬೇಡಪ್ಪಾ," ಎಂದು ಪದ್ಮಿನಿಯಮ್ಮ ಬಿಕ್ಕಿದರು. "ಈ ಕೈ ಬೇಡ ನಿಂಗೆ."

ಕೋಕಿಲಾ ಎದ್ದಳು. ಬರೀ ಬಿಳಿ ಅನ್ನದ ಒಂದು ತುತ್ತು ಕಟ್ಟಿ ಅತ್ತೆಯ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದಳು. "ಇದಕ್ಕೆ ಡಾಕ್ಟ್ರು ಬೇಡ ಅಂದಿಲ್ಲ. ನೀವೇ ಇಡಿ ಅತ್ತೆ. ನಾನಿಟ್ರೆ ಅವನು ಅಲ್ಲಿಂದ ಏಳಲ್ಲ."

ಇಬ್ಬರೂ ಜೊತೆಗೆ ಕಲ್ಲಿನ ತನಕ ನಡೆದರು. ಗುಂಡ ನಿಧಾನಕ್ಕೆ, ಒಂದಗುಳೂ ಬಿಡದೆ ತಿಂದ. ಆಮೇಲೆ ಪದ್ಮಿನಿಯಮ್ಮ ಬಂದು ಕೂತು ಊಟ ಮಾಡಿದರು.