ತಂಬೂರಿಯ ಹಿಂದಿನ ಬಡಿತ

ಇಂಟರ್ನೆಟ್ಟಿಗೆ ಹೊಸ ಫೈಬರ್ ಲೈನ್ ಹಾಕಿಸಿದರೆ ಹಾಡು ಇನ್ನೂ ಚೆನ್ನಾಗಿ ಕೇಳುತ್ತದೆಂಬ ಹುಚ್ಚು ನನಗಿತ್ತು. ಮಾಟುಂಗದ ನಮ್ಮ ಮನೆಯ ಒಳಕೋಣೆಗೆ ಹೊರಗಿನ ಸದ್ದು ಬರದಂತೆ ಬಾಗಿಲಿಗೂ ಕಿಟಕಿಗೂ ದಪ್ಪ ಫೋಮ್ ಅಂಟಿಸಿದ್ದೆ.

ಲೈನ್ ಬಂದ ದಿನ ಹಳೆಯ ಭಜನೆಯೊಂದರಲ್ಲಿ, ತಂಬೂರಿಯ ಹಿಂದೆ, ಯಾರೋ ಬಾಗಿಲು ಬಡಿಯುವುದು ಕೇಳಿತು. ಮೊದಲೇ ಇದ್ದ ಸದ್ದು ಈಗ ಸ್ಪಷ್ಟವಾಯಿತೆಂದು ಹಿಗ್ಗಿ ಹೆಂಡತಿ ಸೇವಂತಿಯನ್ನು ಕರೆದೆ.

"ನನಗೆಂತದೂ ಕೇಳ್ತಿಲ್ಲ ಮಾರಾಯ್ರೆ," ಎಂದು ಅವಳು ಬಾಗಿಲೆಳೆದುಕೊಂಡು ಹೋದಳು.

ಮತ್ತೆ ಹಾಕಿದೆ. ಬಡಿತ ತಂಬೂರಿಗಿಂತ ಮುಂದೆ ಬಂದಿತ್ತು. ಆ ಸೆಕೆಯ ಮಧ್ಯಾಹ್ನದಲ್ಲೂ ಸ್ಪೀಕರ್ ಮುಟ್ಟಿದರೆ ಮಂಜುಗಡ್ಡೆಯಂತಿತ್ತು. ಹೆದರಿ ವೈರ್ ಕಿತ್ತೆ. ಹಾಡು ನಿಂತಿತು. ಹೊರಗೆ ಹೋಗೋಣವೆಂದರೆ ಬಾಗಿಲು ತೆರೆಯಲೇ ಇಲ್ಲ. ಫೋಮ್ ಕಿತ್ತೆಸೆದು, ಕೈ ಊದುವವರೆಗೂ ಬಡಿದೆ. ಸೇವಂತಿಯ ಹೆಸರು ಹಿಡಿದು ಕೂಗಿದೆ.

ಸಂಜೆ ಬಾಗಿಲು ತಾನಾಗಿಯೇ ತೆರೆಯಿತು. ಸೇವಂತಿ ಎದುರಿಗೇ ಫೋನ್ ಹಿಡಿದು ಕೂತಿದ್ದಳು. ಬಾಗಿಲ ಕಡೆಯಿಂದ ಅವಳಿಗೆ ಸದ್ದೇ ಕೇಳಿರಲಿಲ್ಲವಂತೆ.

"ನಿಮ್ಮ ಭಜನೆಯನ್ನೇ ಕೇಳ್ತಿದ್ದೆ. ನೀವು ಹೇಳಿದ್ದು ಹೌದು, ಯಾರೋ ಬಡೀತಾರೆ," ಎಂದಳು. ಆಮೇಲೆ ಮೆಲ್ಲಗೆ, "ಕಡೆಗೆ ನನ್ನ ಹೆಸರು ಕರೀತಾರೆ. ನಿಮ್ಮದೇ ಸ್ವರ."

ಆ ಭಜನೆ ರೆಕಾರ್ಡ್ ಆದಾಗ ನಾವಿಬ್ಬರೂ ಹುಟ್ಟಿಯೇ ಇರಲಿಲ್ಲ.